ಇಪ್ಪತ್ತು ಚೀಲ ಹೂಳು

ಇನ್ನೊಬ್ಬರ ಮನೆಯ ಹಿತ್ತಲಿನ ಸಂಗತಿಯನ್ನು ಎತ್ತಿ ಆಡುವುದು ಒಳ್ಳೆಯ ನಡತೆಯಲ್ಲ, ಅಷ್ಟು ನನಗೂ ಗೊತ್ತು. ಈ ಕಥೆಯಲ್ಲಿ ಬರುವ ಯಂತ್ರದ ಮೇಲೆ ನಾನು ಒಂದು ದಿನವೂ ಕೂತವನಲ್ಲ. ಅತ್ತೆ ಸೊಸೆಯರ ನಡುವೆ ನ್ಯಾಯ ಹೇಳುವಷ್ಟು ದೊಡ್ಡವನೂ ಅಲ್ಲ. ಆದರೆ ಆ ಮನೆಯಲ್ಲಿ ಕೆಟ್ಟವರೆಂಬವರು ಒಬ್ಬರೂ ಇಲ್ಲದೆಯೇ ಎಲ್ಲ ಕೆಟ್ಟುಹೋದ ರೀತಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಎಲ್ಲಾದರೂ ತಪ್ಪಾಗಿ ಹೇಳಿದ್ದರೆ ತಿಳಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ರೈಲ್ವೆ ಕೆಲಸದವರ ಸಾಲುಮನೆಗಳಲ್ಲಿ ಅವನನ್ನು ಎಲ್ಲರೂ ಆಪರೇಟರ್ ಎಂದೇ ಕರೆಯುತ್ತಿದ್ದರು. ರೈಲು ಹಳಿಯ ಎರಡೂ ಬದಿಯ ಚರಂಡಿಗಳ ಹೂಳೆತ್ತುವ ದೊಡ್ಡ ಯಂತ್ರವನ್ನು ನಡೆಸುವುದು ಅವನ ಕೆಲಸ. ಹಳಿಯ ಕೆಳಗಿನ ಜಲ್ಲಿಯಲ್ಲಿ ನೀರು ನಿಂತರೆ ನೆಲ ಮೆತ್ತಗಾಗುತ್ತದೆ, ನೆಲ ಮೆತ್ತಗಾದರೆ ಹಳಿ ಕೂರುತ್ತದೆ, ಹಳಿ ಕೂತರೆ ಮುಂದಿನದನ್ನು ಹೇಳಬೇಕಾಗಿಲ್ಲ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಒಂದು ಮೋರಿಯಿಂದ ಇನ್ನೊಂದು ಮೋರಿಗೆ ನೀರು ತಾನಾಗಿ ಹರಿದು ಹೋಗುವಂತೆ ಚರಂಡಿಯನ್ನು ತೋಡಿ ಬಿಡಬೇಕು. ಹೆಚ್ಚು ತೋಡಿದರೆ ದಂಡೆಯ ಬುಡ ಜಾರುತ್ತದೆ, ಕಡಿಮೆ ತೋಡಿದರೆ ನೀರು ನಿಲ್ಲುತ್ತದೆ. ಆ ಹದ ಅವನ ಎಡಗೈಯಲ್ಲಿತ್ತು. ಎರಡು ರೈಲುಗಳ ನಡುವೆ ಸಿಗುವ ಒಂದೂವರೆ ಗಂಟೆಯಲ್ಲಿ ಯಂತ್ರದ ತೋಳಿನ ತುದಿಯ ಬಕೆಟನ್ನು ಇಳಿಸಿ, ಎಳೆದು, ಎತ್ತಿ, ಹೂಳನ್ನು ಪಕ್ಕದ ವ್ಯಾಗನ್ನಿಗೆ ಸುರಿಯುತ್ತ ಹೋಗುವನು. ರೈಲು ಬರುವುದನ್ನು ನೋಡಿಕೊಳ್ಳಲು ದೂರದಲ್ಲಿ ಕೆಂಪು ಬಾವುಟ ಹಿಡಿದು ಒಬ್ಬ ನಿಂತಿರುತ್ತಿದ್ದ. ಅವನ ಹೆಸರು ಯಾರಿಗೂ ನೆನಪಿಲ್ಲ, ಸೀಟಿಯಣ್ಣ ಎಂದರೆ ಆಯಿತು. ಅವನು ಸೀಟಿ ಊದಿದರೆ ಯಂತ್ರದ ತೋಳು ಮಡಚಿ ಬಕೆಟನ್ನು ನೆಲಕ್ಕೆ ಊರಿ ಕಾಯಬೇಕು. ಗಾಜಿನ ಗೂಡಿನೊಳಗೆ ಎಂಜಿನ್ನಿನ ಸದ್ದು ಬಿಟ್ಟರೆ ದಿನವಿಡೀ ಆಪರೇಟರನ ಜೊತೆ ಮಾತಾಡುವವರಿಲ್ಲ. ಅವನೂ ಮಾತು ಕಡಿಮೆ ಮಾಡಿಕೊಂಡಿದ್ದ.

ಅವನ ಅಪ್ಪನೂ ಅದೇ ಲೈನಿನಲ್ಲಿ ಮೂವತ್ತು ವರ್ಷ ಸಲಿಕೆ ಹಿಡಿದವನು. ಆಗ ಹೂಳೆಲ್ಲ ಕೈಯಲ್ಲೇ ಎತ್ತಬೇಕು, ಕಳೆಯನ್ನು ಕುಡುಗೋಲಿನಲ್ಲೇ ಕೊಯ್ಯಬೇಕು. ಲೈನಿನವರ ಮನೆಗಳಲ್ಲಿ ಹಿಂದಿನಿಂದಲೂ ಒಂದು ರೂಢಿ ಇತ್ತು: ಹೂಳೆತ್ತುವ ಕಾಲದಲ್ಲಿ ನಾಲ್ಕು ಚೀಲ ಕಪ್ಪು ಹೂಳು ಮನೆಗೆ ಬರಬೇಕು, ಹಿತ್ತಲ ಪಾತಿಗೆ ಬೀಳಬೇಕು. ಹೂಳು ಹೊರಗೆ ಒಯ್ಯಬಾರದೆಂದು ಕಾಯಿದೆ ಇದ್ದರೂ ಯಾವ ಮೇಸ್ತ್ರಿಯೂ ಅದನ್ನು ಕಣ್ಣೆತ್ತಿ ನೋಡಿದವನಲ್ಲ. "ಲೈನಿನ ಹೂಳು ಇರೋ ಮನೆಗೆ ತರಕಾರಿ ಅಂಗಡಿ ಯಾಕೆ" ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಹೋದ ಮೇಲೆ ಅಮ್ಮ ಒಂದು ಟ್ರಂಕು, ಒಂದು ಬೀಜದ ಡಬ್ಬಿ ಹಿಡಿದುಕೊಂಡು ಮಗನ ಮನೆಗೆ ಬಂದಳು. ನೆಲ ಅಂತಸ್ತಿನ, ಎರಡು ಕೋಣೆಯ ಆ ಮನೆಯಲ್ಲಿ ಅವಳದು ಎನ್ನುವ ಜಾಗ ಒಂದೇ: ಒಗೆಯುವ ಕಲ್ಲಿಗೂ ಹಿಂದಿನ ಗೋಡೆಗೂ ನಡುವಿನ ಎಂಟು ಹೆಜ್ಜೆ ನೆಲ.

ಆ ವರ್ಷ ಆಪರೇಟರ್ ಮೊದಲ ಸಲ ಹೂಳು ತಂದ. ನಾಲ್ಕು ಚೀಲ ಅಲ್ಲ, ಇಪ್ಪತ್ತು.

"ಇದೇನೋ ಇಷ್ಟೊಂದು!" ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ನಿಮ್ಮಪ್ಪ ನಾಲ್ಕು ಚೀಲ ತರೋದ್ರೊಳಗೆ ಸೊಂಟ ಹಿಡ್ಕೊಂಡು ಕೂತುಬಿಡ್ತಿದ್ರು."

"ಅಪ್ಪಂಗೆ ಎರಡು ಕೈ ಅಮ್ಮ. ನನ್ನ ಮಷೀನಿಗೆ ಒಂದೇ, ಆದ್ರೆ ಕಬ್ಬಿಣದ್ದು."

ಹೆಂಡತಿ ಒದ್ದೆ ಕೈಯಲ್ಲಿ ಹೊರಗೆ ಬಂದಳು. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ದಿನವೂ ನೂರಾರು ಹಾಸಿಗೆಯ ಹೊದಿಕೆಗಳು ಅವಳ ಕೈಯಲ್ಲಿ ಹಾದುಹೋಗುತ್ತಿದ್ದವು. "ರೀ, ಇದನ್ನೆಲ್ಲ ಇಲ್ಲೇ ಸುರಿದ್ರೆ ನಾನು ಬಟ್ಟೆ ಎಲ್ಲಿ ಒಣಗಿಸ್ಲಿ? ನಿಮ್ಮ ತಲೆ ಮೇಲಾ?"

"ಆಸ್ಪತ್ರೇಲಿ ಒಗೆದಿದ್ದು ಸಾಲದು ಅಂತ ಮನೇಲೂ ಇವಳಿಗೆ ಅದೇ ಧ್ಯಾನ" ಎಂದಳು ಅಮ್ಮ.

"ಆಕ್ಷೇಪಣೆ!" ಒಳಗಿಂದ ಮಗಳು ಕೂಗಿದಳು. ಹದಿನೈದು ವರ್ಷದ ಅವಳಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು. "ಅಜ್ಜಿ ಬಟ್ಟೆನೂ ಅಮ್ಮನೇ ಒಗೆಯೋದು. ದಾಖಲೆ ಹಗ್ಗದ ಮೇಲಿದೆ."

ಎಲ್ಲರೂ ನಕ್ಕರು. ಅಮ್ಮ ಒಂದು ಹಿಡಿ ಹೂಳೆತ್ತಿ ಮೂಗಿನ ಹತ್ತಿರ ಹಿಡಿದು, ಮಗನ ಬೆನ್ನು ಸವರಿದಳು. ಅಪ್ಪ ಹೋದ ಮೇಲೆ ಅವಳು ಅವನನ್ನು ಹಾಗೆ ಮುಟ್ಟಿರಲಿಲ್ಲ. ಅವನು ತಿರುಗಿ ನೋಡದೆ ಇನ್ನೊಂದು ಚೀಲ ಬಿಚ್ಚಿದ.

ಮುಂದಿನ ಎರಡು ವಾರ ಊಟದ ಹೊತ್ತಿಗೆಲ್ಲ ಪಾತಿಯ ಸಮಾಚಾರವೇ. ಹುರುಳಿಕಾಯಿ ಬೀಜ ಊರಿಯಾಯಿತು, ಟೊಮೆಟೊ ಸಸಿ ನೆಟ್ಟಾಯಿತು, ಬದನೆ ಇನ್ನೊಂದು ವಾರಕ್ಕೆ.

"ಅನ್ನ ತಣ್ಣಗಾಗ್ತಿದೆ ಅತ್ತೆ, ಊಟ ಮಾಡಿ ಹೇಳಿ."

"ಇರಮ್ಮ. ಹನ್ನೊಂದು ಎದ್ದಿದೆ ಕಣೋ, ಹನ್ನೊಂದು! ನಿಮ್ಮಪ್ಪನ ಮಣ್ಣಲ್ಲಿ ಇಷ್ಟು ಬೇಗ ಎದ್ದಿರ್ಲಿಲ್ಲ."

ಆಪರೇಟರ್ ಅನ್ನ ಕಲಸುತ್ತ ತಲೆ ಅಲ್ಲಾಡಿಸುವನು. ಒಳಗೊಳಗೇ ಹಿಗ್ಗುತ್ತಿದ್ದ.

ಮೂರನೆಯ ವಾರ ಎಲೆಗಳು ಮುದುಡತೊಡಗಿದವು. ಒಣಗಿದ್ದಲ್ಲ, ಹುಳ ತಿಂದಿದ್ದೂ ಅಲ್ಲ. ಹಸಿರಾಗಿರುವಾಗಲೇ ಎಳೆಯ ಎಲೆಗಳು ಮುಷ್ಟಿ ಕಟ್ಟಿದಂತೆ ಒಳಕ್ಕೆ ಸುರುಟಿಕೊಂಡವು, ಕಾಂಡ ತಿರುಚಿ ನೆಲಕ್ಕೆ ಬಾಗಿತು. ಟೊಮೆಟೊ ಮೊದಲು, ಹಿಂದೆಯೇ ಹುರುಳಿಕಾಯಿ. ಪಾತಿಯ ಅಂಚಿನಲ್ಲಿ ಹುಲ್ಲು ಮಾತ್ರ ಏನೂ ಆಗದವರ ಹಾಗೆ ನಿಂತಿತ್ತು.

ಸಂಜೆ ಸೊಸೆ ಕೆಲಸದಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಏನು ನೀರು ಚೆಲ್ಲಿದ್ದೆ ನೀನು ಅಲ್ಲಿ?"

"ಎಲ್ಲಿ ಅತ್ತೆ?"

"ಎಲ್ಲಿ ಅಂತೆ! ಒಗೆಯೋ ಕಲ್ಲಿನ ನೀರು ಎಲ್ಲಿಗೆ ಹೋಗುತ್ತೆ? ಆಸ್ಪತ್ರೆಯಿಂದ ಬ್ಲೀಚು ತಂದು ಬಿಳೀ ಬಟ್ಟೆಗೆ ಹಾಕ್ತೀಯಲ್ಲ, ಆ ನೀರು."

"ಆ ನೀರು ಮೋರಿಗೆ ಹೋಗುತ್ತೆ. ಇಷ್ಟು ವರ್ಷದಿಂದ ಅಲ್ಲಿಗೇ ಹೋಗ್ತಿದೆ."

"ನನ್ನ ಹತ್ತಿರ ಬರೋವಾಗ್ಲೂ ನಿನ್ನ ಮೈಯೆಲ್ಲ ಅದೇ ವಾಸನೆ. ಗಿಡಕ್ಕೆ ಬೇರೆ ಇನ್ನೇನು ಆಗಿರುತ್ತೆ?"

"ವಾಸನೆಗೆ ಗಿಡ ಸಾಯೋ ಹಾಗಿದ್ರೆ ಮೊದಲು ನಾನೇ ಸಾಯ್ಬೇಕಿತ್ತು" ಎಂದು ಹೆಂಡತಿ ಚಪ್ಪಲಿಯನ್ನು ಗೋಡೆಗೆ ಒರಗಿಸಿದಳು. ಅವಳ ಕೈಯ ಬೆರಳ ಸಂದುಗಳು ಬಿಳಿಚಿ ಸೀಳಿದ್ದವು. ಆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಂಡನ ಕಡೆ ನೋಡಿದಳು.

ಅವನು ಹೇಳಿದ್ದು ಇಷ್ಟೇ: "ಇಬ್ಬರೂ ಸುಮ್ಮನಿರಿ. ಗಿಡ ತಾನೇ."

ಎರಡು ದಿನ ಬಿಟ್ಟು, ದೊಡ್ಡ ಸೇತುವೆಯ ಈಚೆಗೆ ಚರಂಡಿ ತೋಡುತ್ತಿದ್ದಾಗ ಸೀಟಿ ಕೇಳಿಸಿತು. ಯಂತ್ರದ ತೋಳು ಮಡಚಿ, ಬಕೆಟ್ ಊರಿ, ಮೂತ್ರಕ್ಕೆಂದು ಕೆಳಗಿಳಿದ. ಇಳಿಜಾರಿನ ಕಳೆಗಿಡಗಳನ್ನು ಅವನು ಇಷ್ಟು ವರ್ಷದಲ್ಲಿ ಎಂದೂ ಹತ್ತಿರದಿಂದ ನೋಡಿದವನಲ್ಲ; ಮೇಲಿನಿಂದ ಅವೆಲ್ಲ ಒಂದೇ ಹಸಿರು. ಈಗ ನೋಡಿದರೆ, ಅಗಲ ಎಲೆಯದೆಲ್ಲ ಮುಷ್ಟಿ ಕಟ್ಟಿದೆ, ಕಾಂಡ ತಿರುಚಿದೆ. ನಡುನಡುವೆ ಹುಲ್ಲು ನೆಟ್ಟಗೆ ನಿಂತಿದೆ.

ರೈಲು ಹಾದುಹೋದ ಮೇಲೆ ಸೀಟಿಯಣ್ಣ ಬಾವುಟ ಸುತ್ತಿಕೊಂಡು ಬಂದ. "ಏನಪ್ಪ, ಗಿಡದ ಮುಂದೆ ಕೈಕಟ್ಟಿ ನಿಂತಿದೀಯ?"

"ಇದೇನಾಗಿದೆ ಅಣ್ಣ ಇದಕ್ಕೆ?"

"ಔಷಧಿ ಗಾಡಿ ಹೋಗಿಲ್ವಾ? ಕಳೆ ಕೊಲ್ಲೋ ಔಷಧಿ, ಹುಲ್ಲು ಬಿಟ್ಟು ಅಗಲ ಎಲೆಯದನ್ನೆಲ್ಲ ಸುಡುತ್ತೆ. ಪ್ರತಿ ವರ್ಷ ನಿನ್ನ ಹೂಳು ಮುಗಿದ ಮೇಲೆ ಬರ್ತಿತ್ತು. ಈ ಸಲ ನಿನ್ನ ಮಷೀನಿನ ಪಂಪು ಕೆಟ್ಟು ತಿಂಗಳು ಶೆಡ್ಡಲ್ಲಿ ಕೂತಿತ್ತಲ್ಲ, ಅದಕ್ಕೆ ಅದೇ ಮೊದಲು ಹೋಯ್ತು."

"ಜಲ್ಲಿ ಮೇಲೆ ತಾನೇ ಬಿಡೋದು?"

"ಜಲ್ಲಿ ಮೇಲೆ ಬಿಡ್ತಾರೆ. ಆಮೇಲೆ ಮಳೆ ಬಂತಲ್ಲ ಎರಡು ದಿನ? ನೀರು ಎಲ್ಲಿಗೆ ಹೋಗುತ್ತೆ ಅಂತ ನಿನಗೆ ನಾನು ಹೇಳ್ಕೊಡ್ಬೇಕಾ? ಅದಕ್ಕೇ ತಾನೇ ನಿನಗೆ ಕೆಲಸ ಕೊಟ್ಟಿರೋದು!" ಸೀಟಿಯಣ್ಣ ತನ್ನ ಮಾತಿಗೆ ತಾನೇ ನಕ್ಕ.

ಔಷಧಿ ಗಾಡಿ ಹೋದದ್ದನ್ನು ಆಪರೇಟರ್ ಕಣ್ಣಾರೆ ಕಂಡಿದ್ದ. ಶೆಡ್ಡಿನ ಬಾಗಿಲಲ್ಲಿ ನಿಂತು ಅದರ ಚಾಲಕನಿಗೆ ಕೈ ಬೀಸಿದ್ದ ಕೂಡ. ಆದರೆ ಅಪ್ಪನ ಕಾಲದ ಹೂಳಿನ ಲೆಕ್ಕವೇ ಅವನ ತಲೆಯಲ್ಲಿತ್ತು. ಅಪ್ಪನ ಕಾಲದಲ್ಲಿ ಕುಡುಗೋಲು ಇತ್ತು, ಔಷಧಿ ಇರಲಿಲ್ಲ.

ಇವತ್ತೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಮನೆಗೆ ಬಂದ. ಅಮ್ಮ ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯಾಕೆಯ ಜೊತೆ ಮಾತಾಡುತ್ತಿದ್ದಳು.

"ಮಣ್ಣಿಗೇನು ಬಂದಿದೆ ಹೇಳು? ಬಂಗಾರದಂಥ ಮಣ್ಣು. ಅವರಪ್ಪ ತಂದಿದ್ದಕ್ಕಿಂತ ಒಳ್ಳೇದು ತಂದಿದಾನೆ ನನ್ನ ಮಗ. ಇಪ್ಪತ್ತು ಚೀಲ! ಅಮ್ಮ ಒಬ್ಬಳೇ ಆಗಿಬಿಟ್ಳು, ಅವಳ ಕೈಗೊಂದು ಕೆಲಸ ಬೇಕು ಅಂತ ಅವನಿಗೆ ಗೊತ್ತಾಯ್ತು. ಬಾಯಿಬಿಟ್ಟು ಹೇಳಲ್ಲ, ಅವರಪ್ಪನ ಥರಾನೇ. ಬೇರೆಯವರ ಕೈಗುಣ ಕೆಟ್ಟದಿದ್ರೆ ಅವನೇನು ಮಾಡ್ತಾನೆ?"

ಅವನು ಅಡುಗೆಮನೆಯಲ್ಲೇ ನಿಂತ. ಜೋಡಿಸಿಕೊಂಡು ಬಂದಿದ್ದ ಮಾತು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಕೈಕಾಲು ತೊಳೆಯಲು ಹೋದ. ಆ ನಾಳೆಗೆ ಹದಿನೆಂಟು ದಿನ ಹಿಡಿಯಿತು.

ಅಷ್ಟರಲ್ಲಿ ಮನೆಯೊಳಗೆ ಗೆರೆ ಬಿದ್ದಿತ್ತು. ಹೆಂಡತಿ ಒಗೆಯುವುದನ್ನು ಹಿತ್ತಲಿನಿಂದ ಎತ್ತಿ ಬಚ್ಚಲಿಗೆ ತಂದಳು. ಒದ್ದೆ ಬಟ್ಟೆಯ ಬಕೆಟನ್ನು ಎರಡು ಮಹಡಿ ಹತ್ತಿಸಿ ಸಾಲುಮನೆಗಳ ತಾರಸಿಯಲ್ಲಿ ಒಣಗಿಸುತ್ತಿದ್ದಳು. ಅಮ್ಮ ಸತ್ತ ಸಸಿಗಳನ್ನು ಕಿತ್ತು ಅಲ್ಲೇ ಒಂದು ಮಣೆ ಹಾಕಿಕೊಂಡು ಕಾವಲು ಕೂತಳು. ಊಟದ ತಟ್ಟೆಯೂ ಅಲ್ಲಿಗೇ ಹೋಗಬೇಕು. ಅದನ್ನು ಒಯ್ಯುವವಳು ಲಾಯರಮ್ಮ.

"ಅಜ್ಜಿ ಕೇಳ್ತಿದಾರೆ, ಉಪ್ಪು ಯಾರು ಹಾಕಿದ್ದು ಅಂತ."

"ನಾನೇ ಹಾಕಿದ್ದು ಅಂತ ಹೇಳು. ಬ್ಲೀಚಲ್ಲ, ಉಪ್ಪೇ ಅಂತಾನೂ ಹೇಳು."

"ನಾನು ಇಬ್ಬರ ಕಡೆನೂ ವಾದ ಮಾಡೋಕಾಗಲ್ಲಮ್ಮ. ಒಬ್ಬರದ್ದೇ ಕೇಸು ಕೊಡಿ."

ಒಂದು ಸಂಜೆ ತಾರಸಿಯಿಂದ ಇಳಿದು ಬಂದ ಹೆಂಡತಿ ಖಾಲಿ ಬಕೆಟನ್ನು ಅವನ ಮುಂದೆ ಇಟ್ಟಳು.

"ರೀ, ನೀವೇ ಹೇಳಿ. ನಾನು ಅಲ್ಲಿ ಏನಾದ್ರೂ ಚೆಲ್ಲಿದೀನಾ?"

"ನಾನೆಲ್ಲಿ ಅಂದೆ ಹಾಗಂತ?"

"ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ನಿಮ್ಮ ಬಾಯಿಂದ ಒಂದು ಸಲ, ಅವರ ಎದುರಿಗೆ, 'ಅವಳು ಹಾಕಿಲ್ಲ' ಅಂತ ಬರ್ಲಿ. ನನಗೆ ಅಷ್ಟು ಸಾಕು."

"ವಯಸ್ಸಾಗಿದೆ ಅವರಿಗೆ. ಬಿಡು."

"ಹ್ಞೂಂ. ಬಿಡ್ತೀನಿ" ಎಂದು ಅವಳು ಬಕೆಟ್ ಎತ್ತಿಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ಅಮ್ಮ ಇನ್ನೂ ನಾಲ್ಕು ಚೀಲ ಹೂಳು ಕೇಳಿದಳು. "ಆ ಸೋಪು ನೀರು ಇಳಿದಿರೋ ಮಣ್ಣು ಕೆಳಗೆ ಹೋಗ್ಲಿ. ಮೇಲೆ ಹೊಸದು ಹಾಕಿ ಇನ್ನೊಂದು ಸಲ ನೋಡ್ತೀನಿ." ಆಪರೇಟರಿಗೆ ಇದು ದಾರಿ ಎನಿಸಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದೊಡ್ಡ ಸೇತುವೆಯ ಆಚೆಗೆ ಕುಡಿಯುವ ನೀರಿನ ಕೆರೆ ಇದ್ದುದರಿಂದ ಅಲ್ಲಿ ಗಾಡಿ ಔಷಧಿ ಬಿಡುವಂತಿರಲಿಲ್ಲ. ಆ ಕಡೆಯ ಚರಂಡಿಯಿಂದ ನಾಲ್ಕು ಚೀಲ ತುಂಬಿಸಿಕೊಂಡು ಬಂದು ಗೋಡೆಯ ಮೂಲೆಯಲ್ಲಿ ಒಂದು ಮೊಳ ದಪ್ಪಕ್ಕೆ ಸುರಿದ. ಎಲ್ಲಿಯದೆಂದು ಹೇಳಲಿಲ್ಲ.

ಅಲ್ಲಿ ಊರಿದ ಆರು ಹುರುಳಿಕಾಯಿ ಬೀಜವೂ ಎದ್ದವು. ಎಲೆ ಅಂಗೈ ಬಿಚ್ಚಿದಂತೆ ಬಿಚ್ಚಿತು. ಹತ್ತು ದಿನವಾದರೂ ಒಂದೂ ಮುದುಡಲಿಲ್ಲ.

ಅಮ್ಮನ ದನಿಗೆ ಮತ್ತೆ ಬಲ ಬಂತು. ಆ ರಾತ್ರಿಯ ಊಟಕ್ಕೆ ತಾನಾಗಿಯೇ ಒಳಗೆ ಬಂದು ಎಲ್ಲರ ಜೊತೆ ಕೂತಳು. "ನೋಡಿದ್ರಾ? ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ, ಆರಕ್ಕೆ ಆರೂ ಬಂತು. ಅದೇ ಮಣ್ಣು, ಅದೇ ಬೀಜ, ಅದೇ ಕೈ. ಮೊದಲು ಯಾಕೆ ಸತ್ತಿತ್ತು, ಈಗ ಯಾಕೆ ಬಂತು? ಇನ್ನೇನು ಸಾಕ್ಷಿ ಬೇಕು ಲಾಯರಮ್ಮ?"

ಲಾಯರಮ್ಮನೂ ತನ್ನ ತಾಯಿಯ ಮುಖ ನೋಡಿದಳು, ಒಂದು ಗಳಿಗೆ, ಅನುಮಾನದಿಂದ. ಮಗಳ ಆ ನೋಟವನ್ನು ಹೆಂಡತಿ ಕಂಡಳು. ತುತ್ತನ್ನು ತಟ್ಟೆಗೆ ಬಿಟ್ಟು, ಕೈ ತೊಳೆದು ಬಂದು, ನಿಂತುಕೊಂಡೇ ಹೇಳಿದಳು: "ನಾಡಿದ್ದಿಂದ ನಾನು ಆಸ್ಪತ್ರೆ ಹಾಸ್ಟೆಲ್ಲಲ್ಲಿ ಇರ್ತೀನಿ. ಅಲ್ಲಿ ಒಂದು ಮಂಚ ಖಾಲಿ ಇದೆ. ಭಾನುವಾರ ಬಂದು ಮಗಳನ್ನ ನೋಡ್ಕೊಂಡು ಹೋಗ್ತೀನಿ."

"ಹೋಗ್ಲಿ ಬಿಡು" ಎಂದಳು ಅಮ್ಮ. ಆದರೆ ಇಷ್ಟು ದೂರ ಹೋಗುತ್ತದೆಂದು ಅವಳೂ ಎಣಿಸಿರಲಿಲ್ಲ.

ಆಗ ಆಪರೇಟರ್ ಬಾಯಿ ಬಿಟ್ಟ. ತಟ್ಟೆ ನೋಡುತ್ತಲೇ ಹೇಳಿದ.

"ಅವಳು ಏನೂ ಹಾಕಿಲ್ಲಮ್ಮ. ಮಣ್ಣೇ ಕೆಟ್ಟದ್ದು. ಲೈನಿಗೆ ಕಳೆ ಔಷಧಿ ಹೊಡೆದಿದ್ರು, ಅದು ಮಳೆಗೆ ಚರಂಡಿಗೆ ಇಳಿದಿದೆ. ಅದನ್ನೇ ತುಂಬಿಸ್ಕೊಂಡು ಬಂದೆ ನಾನು. ಈಗ ಬಂದಿರೋ ಆರು ಗಿಡದ ಮಣ್ಣು ಬೇರೆ, ಸೇತುವೆ ಆಚೆದು. ಅಲ್ಲಿ ಔಷಧಿ ಹೊಡೆದಿಲ್ಲ."

ಮೊದಲು ಮಾತಾಡಿದವಳು ಅಮ್ಮ.

"ಹೆಂಡತಿ ಹೊರಡ್ತಾಳೆ ಅಂದ ತಕ್ಷಣ ಕಥೆ ಹುಟ್ಟಿತಾ?"

"ಕಥೆ ಅಲ್ಲಮ್ಮ."

"ನಿಮ್ಮಪ್ಪ ಮೂವತ್ತು ವರ್ಷ ತಂದ ಮಣ್ಣು ಅದು. ಅದನ್ನ ತಿಂದು ಬೆಳೆದವನು ನೀನು. ಅವಳನ್ನ ಉಳಿಸ್ಕೊಳ್ಳೋಕೆ ಆ ಮಣ್ಣಿಗೆ ವಿಷ ಅಂತೀಯಾ? ನನ್ನ ಕೈಯಾರೆ ವಿಷದಲ್ಲಿ ಬೀಜ ಊರಿದೆ ಅಂತೀಯಾ?"

"ಅಪ್ಪನ ಕಾಲದ್ದಲ್ಲ ಅದು..."

"ಸಾಕು." ಅವಳು ಗೋಡೆ ಹಿಡಿದು ಎದ್ದು ಹಿತ್ತಲ ಬಾಗಿಲ ಕಡೆ ಹೋದಳು.

ಆಪರೇಟರ್ ಹೆಂಡತಿಯ ಕಡೆ ತಿರುಗಿದ. ಇವಳಾದರೂ ಈಗ ಕೂರುತ್ತಾಳೆ, ಒಂದು ಲೋಟ ನೀರು ಕುಡಿಯುತ್ತಾಳೆ ಎಂದು ಅವನಿಗಿತ್ತು. ಅವಳು ನಿಂತೇ ಇದ್ದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಸ್ವಲ್ಪ ದಿನ ಆಯ್ತು."

"ಎಷ್ಟು ದಿನ?"

"ಹದಿನೆಂಟು."

"ಹದಿನೆಂಟು ದಿನ ನಾನು ಬಕೆಟ್ ಹೊತ್ಕೊಂಡು ಎರಡು ಮಹಡಿ ಹತ್ತಿದೀನಿ. ದಿನಾ ನೀವು ಈ ಬಾಗಿಲಲ್ಲೇ ಕೂತು ಚಹಾ ಕುಡೀತಿದ್ರಿ." ಅವಳು ಕೂಗಲಿಲ್ಲ. "ಅತ್ತೆಗೆ ಗೊತ್ತಿರ್ಲಿಲ್ಲ, ಅದಕ್ಕೆ ಅಂದ್ರು. ನಿಮಗೆ ಗೊತ್ತಿತ್ತು."

"ಅಮ್ಮನಿಗೆ ಬೇಜಾರಾಗುತ್ತೆ ಅಂತ..."

"ನನಗೆ ಆಗಲ್ಲ ಅಂತ ಯಾರು ಹೇಳಿದ್ರು ನಿಮಗೆ?"

ಲಾಯರಮ್ಮ ನಾಲ್ಕೂ ತಟ್ಟೆ ಎತ್ತಿಕೊಂಡು ಹೋದಳು. ತನ್ನ ಅಪ್ಪನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಊಟ ಬೇಡವಾ ಎಂದು ಅವಳು ಕೇಳಲಿಲ್ಲ.

ಹೆಂಡತಿ ಹಾಸ್ಟೆಲ್ಲಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಹೇಳಲೂ ಇಲ್ಲ. ಕಟ್ಟಿಟ್ಟ ಕೈಚೀಲ ಮೂರು ದಿನ ಬಾಗಿಲ ಪಕ್ಕದಲ್ಲೇ ಇತ್ತು. ಅಮ್ಮ ಆ ಮೂರು ದಿನ ಮಣೆಯ ಮೇಲೆ ಕೂರಲಿಲ್ಲ, ಪಾತಿಗೆ ನೀರನ್ನೂ ಹಾಕಲಿಲ್ಲ. ಆಪರೇಟರ್ ಬೆಳಿಗ್ಗೆ ಹೋಗುವಾಗ "ಬರ್ತೀನಿ" ಎಂದರೆ ಆ ಮಾತು ಕೋಣೆಯಲ್ಲಿ ಬಿದ್ದ ಕಡೆಯೇ ಬಿದ್ದಿರುತ್ತಿತ್ತು. ಲೈನಿನ ಮೇಲೆ ಗಾಜಿನ ಗೂಡಿನಲ್ಲಿ ಕೂತಾಗಲೇ ಅವನಿಗೆ ವಾಸಿ ಎನಿಸುತ್ತಿತ್ತು. ಅಲ್ಲಿ ಯಾರೂ ಮಾತಾಡದೆ ಇರುವುದಕ್ಕೆ ಎಂಜಿನ್ನಿನ ಸದ್ದಿನ ನೆಪವಿತ್ತು.

ನಾಲ್ಕನೆಯ ದಿನ ಹೆಂಡತಿಗೆ ವಾರದ ರಜೆ. ಅವತ್ತು ಸಂಜೆ ಅವನು ಮನೆಗೆ ಬಂದಾಗ ಮುಂಬಾಗಿಲ ಆಚೆ, ರಸ್ತೆಯ ಅಂಚಿನಲ್ಲಿ ಸೊಂಟದೆತ್ತರ ಕಪ್ಪು ಮಣ್ಣಿನ ರಾಶಿ ಬಿದ್ದಿತ್ತು. ಒಳಗೆ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತ. ಪಾತಿ ಇರಲಿಲ್ಲ. ಇದ್ದ ಜಾಗದಲ್ಲಿ ಕೆಂಪು ಗಟ್ಟಿ ನೆಲ ಕಾಣುವವರೆಗೆ ಬಗೆದು ಹಾಕಿದ್ದರು, ಅಂಚುಗಳು ನೇರವಾಗಿದ್ದವು. ಗೋಡೆಯ ಉದ್ದಕ್ಕೆ ಆಸ್ಪತ್ರೆಯ ಬಿಳಿಯ ಪ್ಲಾಸ್ಟಿಕ್ ಡ್ರಮ್ಮುಗಳು, ಬ್ಲೀಚು ಬರುವಂಥವು, ತೊಳೆದು ಕುತ್ತಿಗೆ ಕತ್ತರಿಸಿದವು, ಆರು ನಿಂತಿದ್ದವು. ಒಂದೊಂದರಲ್ಲಿ ಒಂದೊಂದು ಹುರುಳಿಕಾಯಿ ಗಿಡ. ಅಮ್ಮನೂ ಹೆಂಡತಿಯೂ ಒಗೆಯುವ ಕಲ್ಲಿನ ಹತ್ತಿರ ಕೂತು ಮೊಣಕೈವರೆಗಿನ ಮಣ್ಣನ್ನು ಉಜ್ಜಿ ತೊಳೆಯುತ್ತಿದ್ದರು. ಅಮ್ಮ ಚೊಂಬಿನಿಂದ ನೀರು ಬಿಡುತ್ತಿದ್ದಳು, ಸೊಸೆ ಕೈ ಒಡ್ಡಿದ್ದಳು. ಏನೋ ಮಾತಾಡುತ್ತಿದ್ದವರು ಅವನನ್ನು ಕಂಡು ನಿಲ್ಲಿಸಿದರು.

"ಇಷ್ಟನ್ನೂ ನೀವಿಬ್ಬರೇ ತೆಗೆದ್ರಾ? ನನಗೆ ಹೇಳಿದ್ರೆ..."

"ಮಣ್ಣು ತೆಗೆಯೋಕೆ ನಿನ್ನ ಮಷೀನೇ ಬೇಕಾ?" ಎಂದಳು ಅಮ್ಮ.

"ಊಟ ಮುಚ್ಚಿಟ್ಟಿದೀನಿ" ಎಂದಳು ಹೆಂಡತಿ. "ನಮ್ಮದು ಆಯ್ತು."

ಅವನು ಒಳಗೆ ಹೋಗಿ ಮುಚ್ಚಳ ತೆಗೆದು ಒಬ್ಬನೇ ಉಂಡ. ಹಿತ್ತಲಿನಲ್ಲಿ ಮಾತು ಮತ್ತೆ ಶುರುವಾಯಿತು, ತಗ್ಗಿದ ದನಿಯಲ್ಲಿ. ನಡುವೆ ಒಮ್ಮೆ ಯಾರೋ ನಕ್ಕಂತೆಯೂ ಇತ್ತು, ಅತ್ತಂತೆಯೂ ಇತ್ತು. ಎದ್ದು ಹೋಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ರಸ್ತೆಯ ರಾಶಿಯನ್ನು ಮಾರನೆಯ ದಿನ ಚೀಲಕ್ಕೆ ತುಂಬಿ, ಒಯ್ದು, ಮೊದಲೇ ಸೇರಬೇಕಿದ್ದ ವ್ಯಾಗನ್ನಿಗೆ ಸುರಿದ. ಮೇಸ್ತ್ರಿ ಏನೆಂದು ಕೇಳಲಿಲ್ಲ. ಇವನೇ ಕರೆದು ಎಲ್ಲ ಹೇಳಿದ. ಮೇಸ್ತ್ರಿ "ಸರಿ, ಉಳಿದವರಿಗೂ ಹೇಳ್ತೀನಿ" ಎಂದು ಬರೆದುಕೊಂಡ.

ಆ ದಿನ ಹಿತ್ತಲಲ್ಲಿ ಮೊದಲು ಸಲಿಕೆ ಹಿಡಿದವರು ಯಾರು, ಅತ್ತೆ ಸೊಸೆಯ ಕೈ ಹಿಡಿದಳೋ, ಸೊಸೆಯೇ ಹೋಗಿ ಪಕ್ಕದಲ್ಲಿ ನಿಂತಳೋ, ಅಮ್ಮ ಮಗನ ಮಾತನ್ನು ನಂಬಿ ಆ ಮಣ್ಣು ತೆಗೆಸಿದಳೋ, ನಂಬದೆಯೇ ಬೇಡವೆಂದು ತೆಗೆಸಿದಳೋ, ನನಗೆ ಗೊತ್ತಿಲ್ಲ. ಲಾಯರಮ್ಮ ಆಗ ಶಾಲೆಯಲ್ಲಿದ್ದಳು. ಅವರಿಬ್ಬರೂ ಹೇಳಿಲ್ಲ, ಅವನು ಕೇಳಿಲ್ಲ. ಅವನನ್ನು ಅವರು ಕ್ಷಮಿಸಿದರೇ ಎಂಬುದೂ ನನಗೆ ತಿಳಿಯದು. ಅವನಿಗೂ ತಿಳಿದಂತಿಲ್ಲ.